ಪ್ರೌಢಶಾಲಾ ಐಸ್ ಹಾಕಿ ತಂಡಗಳ ವರ್ಗೀಕರಣ

ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಪ್ರೌಢಶಾಲಾ ಐಸ್ ಹಾಕಿಯಲ್ಲಿ ಹೆಚ್ಚುಕಡಿಮೆ ಸಮಬಲದ ತಂಡಗಳು ಎದುರಾಗಲೆಂದು ಶಾಲೆಗಳನ್ನು ಬೇರೆ ಬೇರೆ ವರ್ಗಗಳಲ್ಲಿ ಇರಿಸುವ ವ್ಯವಸ್ಥೆ. ಶಾಲೆಯ ವಿದ್ಯಾರ್ಥಿಸಂಖ್ಯೆ ಇದರ ಮೂಲ ಅಳತೆಗೋಲು. ಅದಲ್ಲದೆ ಶಾಲೆ ಸರ್ಕಾರಿಯೇ ಖಾಸಗಿಯೇ, ಅಲ್ಲಿ ಬಡಮಕ್ಕಳ ಪ್ರಮಾಣ ಎಷ್ಟು, ತಂಡವನ್ನು ಒಂದೇ ಶಾಲೆ ಕಟ್ಟಿದೆಯೇ ಅಥವಾ ಹಲವು ಶಾಲೆಗಳು ಕೂಡಿ ಕಟ್ಟಿವೆಯೇ, ಹಿಂದಿನ ವರ್ಷಗಳಲ್ಲಿ ಅದು ಹೇಗೆ ಆಡಿದೆ, ಯಾವ ವರ್ಗದಲ್ಲಿ ಆಡಲು ಶಾಲೆ ತಾನೇ ಬಯಸುತ್ತದೆ ಎಂಬ ಸಂಗತಿಗಳನ್ನೂ ರಾಜ್ಯಗಳು ತಮ್ಮ ತಮ್ಮ ರೀತಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಭಾರತದಲ್ಲಿ ಹಾಕಿ ಎಂದರೆ ಹುಲ್ಲು ಇಲ್ಲವೆ ಟರ್ಫ್ ಮೇಲಿನ ಆಟ. ಉತ್ತರ ಅಮೆರಿಕದಲ್ಲಿ ಬರಿಯ ಹಾಕಿ ಎಂದರೆ ಹೆಚ್ಚಾಗಿ ಐಸ್ ಹಾಕಿ ಎಂದೇ ಅರ್ಥ. ಮಂಜುಗಡ್ಡೆಯ ಅಂಗಣದಲ್ಲಿ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆಯನ್ನು ಹೊಡೆದು ಆಡುವ ಆಟ ಅದು. ಅಲ್ಲಿನ ಹೈಸ್ಕೂಲು 9ರಿಂದ 12ನೆಯ ತರಗತಿಯವರೆಗಿನದು. ನಮ್ಮ ಪ್ರೌಢಶಾಲೆಯ ಕೊನೆಯ ಎರಡು ವರ್ಷ ಮತ್ತು ಪದವಿಪೂರ್ವದ ಎರಡು ವರ್ಷ ಕೂಡಿದರೆ ಅದಕ್ಕೆ ಸರಿಹೊಂದುತ್ತದೆ. ಆಟಗಾರರು ಸಾಮಾನ್ಯವಾಗಿ 14ರಿಂದ 18 ವರ್ಷದವರು.

1920ರಲ್ಲಿ ಹುಟ್ಟಿ ಈಗ ಇಂಡಿಯಾನಾಪೊಲಿಸ್‌ನಲ್ಲಿ ನೆಲೆಸಿರುವ ಪ್ರೌಢಶಾಲಾ ಸಂಘಗಳ ರಾಷ್ಟ್ರೀಯ ಒಕ್ಕೂಟ ಆಟದ ನಿಯಮಪುಸ್ತಕವನ್ನು ಪ್ರಕಟಿಸುತ್ತದೆ. ಯಾವ ಶಾಲೆ ಯಾವ ವರ್ಗದಲ್ಲಿ ಆಡಬೇಕು ಎಂಬುದು ಮಾತ್ರ ಆಯಾ ರಾಜ್ಯದ ಕ್ರೀಡಾಸಂಘದ ತೀರ್ಮಾನ. ಆದ್ದರಿಂದ ಒಂದು ರಾಜ್ಯದಲ್ಲಿ ಎರಡು ವರ್ಗಗಳಿದ್ದರೆ ಮತ್ತೊಂದರಲ್ಲಿ ಮೂರು ಅಥವಾ ನಾಲ್ಕು ಇವೆ.

ವರ್ಗೀಕರಣದ ಅಗತ್ಯ

ಐಸ್ ಹಾಕಿಯಲ್ಲಿ ಒಂದು ತಂಡದ ಆರು ಮಂದಿ ಏಕಕಾಲಕ್ಕೆ ಅಂಗಣದಲ್ಲಿರುತ್ತಾರೆ: ಮೂವರು ಮುನ್ನಡೆ ಆಟಗಾರರು, ಇಬ್ಬರು ರಕ್ಷಕರು, ಒಬ್ಬ ಗೋಲಿ. ಆರೇ ಮಂದಿ ಸಾಕಲ್ಲವೇ, ಸಣ್ಣ ಶಾಲೆಗೂ ಇದೇನು ಕಷ್ಟ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಇದು ಉಸಿರುಕಟ್ಟುವ ವೇಗದ ಆಟ. ಒಬ್ಬ ಆಟಗಾರ ಮುಕ್ಕಾಲು ನಿಮಿಷ ಪೂರ್ಣ ಶಕ್ತಿಯಿಂದ ಸ್ಕೇಟ್ ಮಾಡಿದರೆ ದಣಿದು ಬೆಂಚಿಗೆ ಮರಳಬೇಕು, ಇನ್ನೊಬ್ಬ ಇಳಿಯಬೇಕು. ಹೀಗೆ ಮೂವರ ಗುಂಪುಗಳು ಸರದಿಯಂತೆ ಆಡುತ್ತವೆ. ಅವನ್ನು ‘ಲೈನ್’ ಎನ್ನುತ್ತಾರೆ. ದೊಡ್ಡ ಶಾಲೆಗೆ ಮೂರು ಅಥವಾ ನಾಲ್ಕು ಗಟ್ಟಿಯಾದ ಲೈನ್‌ಗಳಿರುತ್ತವೆ. ಸಣ್ಣ ಶಾಲೆ ಎರಡರಲ್ಲೇ ಪಂದ್ಯ ಮುಗಿಸಬೇಕಾಗುತ್ತದೆ. ಮೊದಲ ಎರಡು ಅವಧಿಗಳಲ್ಲಿ ಸಮವಾಗಿ ಆಡಿದ ಸಣ್ಣ ಶಾಲೆ ಮೂರನೆಯ ಅವಧಿಯಲ್ಲಿ ಕುಸಿಯುವುದಕ್ಕೆ ಕೌಶಲದ ಕೊರತೆಗಿಂತ ಕಾಲಿನ ದಣಿವೇ ಹೆಚ್ಚಿನ ವೇಳೆ ಕಾರಣ.

ಎರಡನೆಯ ಕಾರಣ ಖರ್ಚು. ಒಳಾಂಗಣದ ಐಸ್ ರಿಂಕ್ ಕಟ್ಟುವುದೂ ಅದನ್ನು ತಂಪಾಗಿ ಇಡುವುದೂ ದುಬಾರಿ. ಸ್ಕೇಟ್, ಹೆಲ್ಮೆಟ್, ಭುಜ–ಮೊಣಕಾಲಿನ ರಕ್ಷಾಕವಚ, ಕೋಲು, ಗೋಲಿಯ ವಿಶೇಷ ಸರಂಜಾಮು ಎಲ್ಲಕ್ಕೂ ಹಣ ಬೇಕು. ಮಕ್ಕಳು ಐದಾರು ವಯಸ್ಸಿಗೇ ಊರಿನ ಯುವ ಹಾಕಿ ಸಂಘಕ್ಕೆ ಸೇರುತ್ತಾರೆ. ಪ್ರೌಢಶಾಲಾ ತಂಡಕ್ಕೆ ಬರುವ ಹುಡುಗನ ಹಿಂದೆ ಹತ್ತು ವರ್ಷಗಳ ಅಭ್ಯಾಸವೂ ತಂದೆತಾಯಿಯರ ಹಣವೂ ಇರುತ್ತವೆ. ಅನುಕೂಲಸ್ಥರ ಉಪನಗರದ ಶಾಲೆಗೂ ಗಣಿಗಾರರ ಊರಿನ ಶಾಲೆಗೂ ನಡುವಿನ ಅಂತರ ಪಂದ್ಯದ ದಿನಕ್ಕಿಂತ ಎಷ್ಟೋ ಮೊದಲೇ ಬೆಳೆದುಬಂದಿರುತ್ತದೆ.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಪಕ್ ಇರುವ ಎದುರಾಳಿಯನ್ನು ಮೈಯಿಂದ ಡಿಕ್ಕಿ ಹೊಡೆದು ತಡೆಯುವುದಕ್ಕೆ ಬಾಲಕರ ಪ್ರೌಢಶಾಲಾ ಹಾಕಿಯಲ್ಲಿ ಅನುಮತಿ ಇದೆ. ಇದರ ಅಪಾಯವನ್ನು ಮನಗಂಡು ಅಮೆರಿಕದ ರಾಷ್ಟ್ರೀಯ ಹಾಕಿ ಸಂಸ್ಥೆ 2011ರಲ್ಲಿ, ಯುವ ಹಾಕಿಯಲ್ಲಿ ಇಂಥ ಡಿಕ್ಕಿಯನ್ನು ಅನುಮತಿಸುವ ವಯೋಮಾನವನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಬಲ ಮತ್ತು ಕೌಶಲಗಳಲ್ಲಿ ತೀರ ಅಂತರವಿರುವ ತಂಡಗಳನ್ನು ಎದುರುಬದುರು ನಿಲ್ಲಿಸಿದರೆ ಸೋಲಿನ ಬೇಸರದ ಜೊತೆಗೆ ಮಕ್ಕಳ ಮೂಳೆ, ತಲೆ, ಬೆನ್ನುಹುರಿಗಳೂ ಅಪಾಯಕ್ಕೆ ಒಡ್ಡಿಕೊಳ್ಳುತ್ತವೆ. ಕರಾವಳಿಯ ಕಬಡ್ಡಿ ಪಂದ್ಯಾಟಗಳಲ್ಲಿ ಆಟಗಾರರನ್ನು ತೂಗಿ, ಇಂತಿಷ್ಟು ಕಿಲೋ ಒಳಗಿನವರ ವಿಭಾಗವೆಂದು ಬೇರೆ ಮಾಡುವುದರ ಹಿಂದೆ ಇರುವ ವಿವೇಕವೇ ಇಲ್ಲಿಯೂ ಇದೆ. ವ್ಯತ್ಯಾಸವೆಂದರೆ ಒಬ್ಬ ಆಟಗಾರನ ತೂಕವನ್ನು ತಕ್ಕಡಿ ಹೇಳುತ್ತದೆ. ಒಂದು ಶಾಲೆಯ ಬಲವನ್ನು ತೂಗುವ ತಕ್ಕಡಿಯನ್ನು ಮೊದಲು ಕಂಡುಕೊಳ್ಳಬೇಕು.

ಮಿನ್ನೆಸೋಟದ ಅನುಭವ

ಈ ಹುಡುಕಾಟದ ಸ್ಪಷ್ಟವಾದ ಇತಿಹಾಸ ಮಿನ್ನೆಸೋಟ ರಾಜ್ಯದಲ್ಲಿ ಸಿಗುತ್ತದೆ. ಜೀನ್ ಆಲ್ಡ್ರಿಚ್ ಅವರ ಮುತುವರ್ಜಿಯಿಂದ 1945ರಲ್ಲಿ ರಾಜಧಾನಿ ಸೇಂಟ್ ಪಾಲ್‌ನಲ್ಲಿ ಮೊದಲ ರಾಜ್ಯಮಟ್ಟದ ಪಂದ್ಯಾವಳಿ ನಡೆಯಿತು. ಉತ್ತರದ ಕಬ್ಬಿಣದ ಅದಿರಿನ ಪಟ್ಟಿಯಲ್ಲಿರುವ ಎವೆಲೆತ್ ಎಂಬ ಪುಟ್ಟ ಗಣಿಪಟ್ಟಣದ ಶಾಲೆ ಥೀಫ್ ರಿವರ್ ಫಾಲ್ಸ್ ತಂಡವನ್ನು 4–3ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅದೇ ಶಾಲೆ 1948ರಿಂದ 1951ರವರೆಗೆ ಸತತ ನಾಲ್ಕು ವರ್ಷ ಗೆದ್ದಿತು. ಆ ಅವಧಿಯಲ್ಲಿ ಸತತ 69 ಪಂದ್ಯಗಳಲ್ಲಿ ಅದಕ್ಕೆ ಸೋಲಿರಲಿಲ್ಲ. ಆ ತಂಡದ ಜಾನ್ ಮಯಾಸಿಚ್ 1960ರ ಒಲಿಂಪಿಕ್ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಆಡಿದರು. ಗೋಲಿ ವಿಲರ್ಡ್ ಇಕೋಲ 1956ರ ಒಲಿಂಪಿಕ್ ಬೆಳ್ಳಿ ಪದಕ ಪಡೆದರು.

ಆಗ ವರ್ಗಗಳಿರಲಿಲ್ಲ. ದೊಡ್ಡ ನಗರದ ಶಾಲೆಯೂ ಗಡಿಯ ಹಳ್ಳಿಯ ಶಾಲೆಯೂ ಒಂದೇ ಪ್ರಶಸ್ತಿಗೆ ಸೆಣಸುತ್ತಿದ್ದವು. ಕೆನಡಾ ಗಡಿಗೆ ಅಂಟಿಕೊಂಡ ಇಂಟರ್‌ನ್ಯಾಷನಲ್ ಫಾಲ್ಸ್ 1964, 1965 ಮತ್ತು 1966ರಲ್ಲಿ ಸತತ ಮೂರು ಸಲ ಗೆದ್ದಿತು. ಉತ್ತರದಲ್ಲಿ ಚಳಿಗಾಲ ದೀರ್ಘ. ಕೆರೆ–ಕೊಳಗಳೇ ತಿಂಗಳುಗಟ್ಟಲೆ ಉಚಿತ ಆಟದಂಗಳ. ಗಣಿಗಳಲ್ಲಿ ಕೆಲಸವಿದ್ದಷ್ಟು ಕಾಲ ಊರುಗಳೂ ಶಾಲೆಗಳೂ ತುಂಬಿದ್ದವು. ಸಣ್ಣ ಊರಿನ ದೊಡ್ಡ ಸಾಧನೆಗೆ ಇವೇ ಆಧಾರವಾಗಿದ್ದವು.

ಕಾಲ ಬದಲಾಯಿತು. ಒಳಾಂಗಣದ ರಿಂಕ್‌ಗಳು ಬಂದ ಮೇಲೆ ಹವಾಮಾನದ ಅನುಕೂಲ ಉತ್ತರದವರ ಸೊತ್ತಾಗಿ ಉಳಿಯಲಿಲ್ಲ. ಮಿನಿಯಾಪೊಲಿಸ್ ಸುತ್ತಲಿನ ಉಪನಗರಗಳು ಬೆಳೆದವು, ಗಣಿಪಟ್ಟಣಗಳು ಕುಗ್ಗಿದವು. 1969ರ ಫೈನಲ್ ಈ ತಿರುವಿನ ಗುರುತಾಗಿ ಉಳಿದಿದೆ. ವಾರೋಡ್ ಎಂಬ ಚಿಕ್ಕ ಊರಿನ ತಂಡ ಉಪನಗರ ಇಡೈನಾದ ಎದುರು ಆಡಿತು. ವಾರೋಡ್‌ನ ತಾರೆ ಹೆನ್ರಿ ಬೂಚಾ ಗಾಯಗೊಂಡು ಹೊರನಡೆದ ಮೇಲೂ ತಂಡ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಕೊಂಡೊಯ್ದಿತು. ಕೊನೆಗೆ 5–4ರಿಂದ ಇಡೈನಾ ಗೆದ್ದಿತು. ಇಡೈನಾಗೆ ಅದು ಮೊದಲ ರಾಜ್ಯ ಪ್ರಶಸ್ತಿ. ಅದರ ತರಬೇತುದಾರರಾಗಿದ್ದವರು ಎವೆಲೆತ್‌ನ ಹಳೆಯ ಗೋಲಿ ವಿಲರ್ಡ್ ಇಕೋಲ. ಅವರ ಕೈಯಲ್ಲಿ ಇಡೈನಾ ಒಟ್ಟು ಎಂಟು ಸಲ ರಾಜ್ಯ ಪ್ರಶಸ್ತಿ ಗಳಿಸಿತು. ಗಣಿಪಟ್ಟಣದಲ್ಲಿ ಕಲಿತ ಆಟ ಉಪನಗರದಲ್ಲಿ ಫಲ ಕೊಟ್ಟಿತು.

1970ರ ದಶಕದ ನಡುವೆ ಖಾಸಗಿ ಶಾಲೆಗಳಿಗೂ ರಾಜ್ಯ ಪಂದ್ಯಾವಳಿಯ ಬಾಗಿಲು ತೆರೆಯಿತು. ಸಣ್ಣ ಊರುಗಳ ಅಹವಾಲು ಜೋರಾಯಿತು. ಆದರೂ ಒಂದೇ ವರ್ಗದ ಪಂದ್ಯಾವಳಿಯ ಮೇಲೆ ಜನರಿಗೆ ಅಪಾರ ಅಭಿಮಾನವಿತ್ತು. 1990ರಲ್ಲಿಯೂ ಗಡಿನಾಡಿನ ರೋಸೋ ಎಲ್ಲರನ್ನೂ ಗೆದ್ದಾಗ, ಸಣ್ಣವರೂ ಗೆಲ್ಲಬಲ್ಲರು, ವಿಭಜನೆ ಏಕೆ ಎಂಬ ವಾದಕ್ಕೆ ಬಲ ಬಂತು. ಅಂಥ ಗೆಲುವು ಅಪರೂಪವಾಗಿದ್ದುದರಿಂದಲೇ ಅದು ಅಷ್ಟು ಸಿಹಿಯಾಗಿತ್ತು ಎಂಬುದು ಎದುರು ವಾದ. ಕೊನೆಯ ಏಕವರ್ಗ ಪ್ರಶಸ್ತಿಯನ್ನು 1991ರಲ್ಲಿ ಹಿಲ್–ಮರ್ರಿ ಎಂಬ ಖಾಸಗಿ ಶಾಲೆ ಪಡೆಯಿತು.

1992 ಮತ್ತು 1993ರಲ್ಲಿ ರಾಜ್ಯ ಸಂಘ ಒಂದು ಹೊಸ ಪ್ರಯೋಗ ಮಾಡಿತು. ವಿದ್ಯಾರ್ಥಿಸಂಖ್ಯೆಯನ್ನು ಬದಿಗಿಟ್ಟು, ಆ ಋತುವಿನ ಆಟದ ಮೇಲೆ ಬಲವಾದ ತಂಡಗಳನ್ನು ಮೊದಲ ಹಂತಕ್ಕೂ ಉಳಿದವನ್ನು ಎರಡನೆಯ ಹಂತಕ್ಕೂ ಹಾಕಿತು. ಕಾಗದದ ಮೇಲೆ ಇದು ನ್ಯಾಯವಾದ ಮಾರ್ಗ. ಆಚರಣೆಯಲ್ಲಿ ಇದರ ತೊಡಕು ಕಾಣಿಸಿತು. ಎರಡನೆಯ ಹಂತದ ವಿಜೇತರು ‘ಸೋತವರಲ್ಲಿ ಗೆದ್ದವರು’ ಎನ್ನಿಸಿಕೊಳ್ಳಬೇಕಾಯಿತು. ತಾವು ಯಾವ ವರ್ಗದಲ್ಲಿ ಆಡುತ್ತೇವೆಂಬುದು ಋತುವಿನ ಆರಂಭದಲ್ಲಿ ಶಾಲೆಗಳಿಗೆ ತಿಳಿಯುತ್ತಿರಲಿಲ್ಲ. ಎರಡೇ ವರ್ಷಕ್ಕೆ ಆ ಪದ್ಧತಿ ನಿಂತಿತು. 1993ರಲ್ಲಿ ಎರಡನೆಯ ಹಂತದ ಪ್ರಶಸ್ತಿ ಪಡೆದದ್ದು ಎವೆಲೆತ್–ಗಿಲ್ಬರ್ಟ್: ಹಿಂದೊಮ್ಮೆ ಇಡೀ ರಾಜ್ಯವನ್ನು ಆಳಿದ ಶಾಲೆಯ ಉತ್ತರಾಧಿಕಾರಿ.

1994ರಿಂದ ವಿದ್ಯಾರ್ಥಿಸಂಖ್ಯೆಯ ಆಧಾರದ ಎರಡು ವರ್ಗಗಳು ಜಾರಿಗೆ ಬಂದವು. ಹಾಕಿ ಆಡುವ ಶಾಲೆಗಳಲ್ಲಿ ಅತಿ ದೊಡ್ಡ 64 ಶಾಲೆಗಳೂ ಸ್ವಇಚ್ಛೆಯಿಂದ ಮೇಲೇರಿದ ಶಾಲೆಗಳೂ ‘ಎಎ’ ವರ್ಗದವು. ಮಿಕ್ಕವು ‘ಎ’ ವರ್ಗದವು. ಪ್ರತಿ ವರ್ಗದಲ್ಲೂ ಎಂಟು ಪ್ರಾದೇಶಿಕ ವಿಭಾಗಗಳು. ಒಂದೊಂದರ ವಿಜೇತರು ಸೇರಿ ಎಂಟು ತಂಡಗಳ ರಾಜ್ಯ ಪಂದ್ಯಾವಳಿ. ಮೊದಲ ವರ್ಷ ‘ಎಎ’ ಪ್ರಶಸ್ತಿ ಬ್ಲೂಮಿಂಗ್ಟನ್ ಜೆಫರ್‌ಸನ್ ಶಾಲೆಗೆ, ‘ಎ’ ಪ್ರಶಸ್ತಿ ವಾರೋಡ್‌ಗೆ ಸಂದಿತು. 1969ರಲ್ಲಿ ಕೈತಪ್ಪಿದ್ದು ಕಾಲು ಶತಮಾನದ ನಂತರ ಆ ಊರಿಗೆ ದಕ್ಕಿತು.

ವಿದ್ಯಾರ್ಥಿಸಂಖ್ಯೆಯ ಲೆಕ್ಕ

ದಾಖಲಾತಿಯ ಅಂಕಿ ಸರ್ಕಾರಿ ಕಡತದಲ್ಲಿ ಸಿದ್ಧವಾಗಿ ಸಿಗುತ್ತದೆ. ಅದನ್ನು ತಿರುಚುವುದು ಕಷ್ಟ, ವಾದಕ್ಕೆ ಅವಕಾಶ ಕಡಿಮೆ. ಆದ್ದರಿಂದಲೇ ಬಹುತೇಕ ರಾಜ್ಯಗಳು ಅದನ್ನು ಮೊದಲ ಆಧಾರವಾಗಿ ಇಟ್ಟುಕೊಂಡಿವೆ. ಶಾಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆದು ಎಲ್ಲಿ ಗೆರೆ ಎಳೆಯಬೇಕೆಂದು ನಿರ್ಧರಿಸುತ್ತಾರೆ. ಗೆರೆ ಎಳೆಯುವ ರೀತಿ ಎರಡು. ಇಂತಿಷ್ಟು ವಿದ್ಯಾರ್ಥಿಗಳಿಗಿಂತ ಹೆಚ್ಚಿದ್ದರೆ ಮೇಲಿನ ವರ್ಗ ಎಂದು ಸಂಖ್ಯೆಯನ್ನು ನಿಗದಿ ಮಾಡುವುದು ಒಂದು. ಒಟ್ಟು ತಂಡಗಳನ್ನು ಸಮಪಾಲು ಮಾಡುವುದು ಇನ್ನೊಂದು. ಮಿಷಿಗನ್ ಎರಡನೆಯ ದಾರಿ ಹಿಡಿದು ತಂಡಗಳನ್ನು ಮೂರು ಡಿವಿಷನ್‌ಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ.

ಬರಿಯ ತಲೆಯೆಣಿಕೆ ಸಾಲದು ಎಂಬ ಅರಿವಿನಿಂದ ಹಲವು ತಿದ್ದುಪಡಿಗಳು ಬಂದಿವೆ. ಬಡಕುಟುಂಬಗಳ ಮಕ್ಕಳು ಖರ್ಚಿನ ಆಟಗಳಿಗೆ ಬರುವುದು ಕಡಿಮೆ. ಮಿನ್ನೆಸೋಟದಲ್ಲಿ ಉಚಿತ ಅಥವಾ ರಿಯಾಯಿತಿ ದರದ ಊಟ ಪಡೆಯುವ ವಿದ್ಯಾರ್ಥಿಗಳ ಸಂಖ್ಯೆಯ ಶೇ. 40ರಷ್ಟನ್ನು ಒಟ್ಟು ದಾಖಲಾತಿಯಿಂದ ಕಳೆಯುತ್ತಾರೆ. ಉದಾಹರಣೆಗೆ 1,000 ಮಕ್ಕಳ ಶಾಲೆಯಲ್ಲಿ 300 ಮಂದಿ ಇಂಥ ಊಟ ಪಡೆಯುತ್ತಿದ್ದರೆ 120 ಕಳೆದು 880 ಎಂದು ಹಿಡಿಯಲಾಗುತ್ತದೆ. ಐಸ್ ಹಾಕಿಯಷ್ಟು ದುಬಾರಿ ಆಟಕ್ಕೆ ಈ ತಿದ್ದುಪಡಿ ಬಹಳ ಸಲ್ಲುತ್ತದೆ. ಬರೀ ಹುಡುಗರ ಇಲ್ಲವೆ ಬರೀ ಹುಡುಗಿಯರ ಶಾಲೆಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಇನ್ನೊಂದು ತಿದ್ದುಪಡಿ. 600 ಹುಡುಗರ ಶಾಲೆಯೊಂದು, 1,200 ಹುಡುಗ–ಹುಡುಗಿಯರ ಶಾಲೆಗೆ ಆಟಗಾರರ ಲೆಕ್ಕದಲ್ಲಿ ಸಮ ಎಂಬುದು ಇದರ ತರ್ಕ.

ದಾಖಲಾತಿ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಪ್ರತಿವರ್ಷ ವರ್ಗ ಬದಲಾಯಿಸಿದರೆ ಪಂದ್ಯಪಟ್ಟಿ, ಪ್ರಯಾಣ, ರಿಂಕ್ ಕಾಯ್ದಿರಿಸುವಿಕೆ ಎಲ್ಲವೂ ಅಸ್ತವ್ಯಸ್ತ. ತೀರ ತಡವಾಗಿ ಬದಲಿಸಿದರೆ ಅಂಕಿ ಹಳತಾಗಿರುತ್ತದೆ. ಆದ್ದರಿಂದ ಮಿನ್ನೆಸೋಟ ಎರಡು ವರ್ಷಗಳಿಗೊಮ್ಮೆ ಪಟ್ಟಿಯನ್ನು ಪರಿಷ್ಕರಿಸುತ್ತದೆ.

ಸಂಯುಕ್ತ ತಂಡಗಳು

ಒಂದು ಶಾಲೆಗೆ ತಂಡ ಕಟ್ಟುವಷ್ಟು ಆಟಗಾರರು ಸಿಗದಿದ್ದಾಗ ನೆರೆಯ ಶಾಲೆಗಳು ಕೂಡಿ ಒಂದೇ ತಂಡ ಹೂಡುತ್ತವೆ. ಮಿನ್ನೆಸೋಟದಲ್ಲಿ 2017ರ ‘ಎ’ ವರ್ಗದ ಫೈನಲ್ ತಲುಪಿದ ತಂಡದ ಹೆಸರಿನಲ್ಲೇ ಮಾಂಟಿಸೆಲೊ, ಅನ್ನಾಂಡೇಲ್, ಮೇಪಲ್ ಲೇಕ್ ಎಂಬ ಮೂರು ಊರುಗಳಿದ್ದವು. ಇಂಥ ತಂಡಗಳ ವರ್ಗ ನಿರ್ಧರಿಸಲು ಸಾಮಾನ್ಯವಾಗಿ ಕೂಡಿದ ಶಾಲೆಗಳ ಸಂಖ್ಯೆಗಳನ್ನು ಒಟ್ಟುಗೂಡಿಸುತ್ತಾರೆ. ದೊಡ್ಡ ಶಾಲೆಗಳು ಕೈಜೋಡಿಸಿ ಬಲಿಷ್ಠ ತಂಡ ಕಟ್ಟಿ ಕೆಳವರ್ಗದಲ್ಲಿ ಆಡುವುದನ್ನು ಇದು ತಡೆಯುತ್ತದೆ.

ಆದರೆ ಇದೇ ನಿಯಮ ಕೆಲವೊಮ್ಮೆ ನಿಜವಾದ ದುರ್ಬಲರಿಗೆ ಪೆಟ್ಟು ಕೊಡುತ್ತದೆ. ತಲಾ 500 ಮಕ್ಕಳ ಮೂರು ಶಾಲೆಗಳು ಸೇರಿದಾಗ ಕಾಗದದ ಮೇಲೆ ಅದು 1,500 ಮಕ್ಕಳ ಶಾಲೆ. ಎರಡನೆಯ ಮತ್ತು ಮೂರನೆಯ ಶಾಲೆಗಳಿಂದ ಬರುವವರು ಇಬ್ಬರು ಮೂವರು ಮಾತ್ರವಾದರೆ ಆ ಸಂಖ್ಯೆಗೂ ತಂಡದ ಬಲಕ್ಕೂ ಸಂಬಂಧವೇ ಇರುವುದಿಲ್ಲ. ಆ ಇಬ್ಬರು ಮಕ್ಕಳಿಗೆ ಆಡಲು ಬೇರೆ ದಾರಿಯೂ ಇರುವುದಿಲ್ಲ. ಸಂಯುಕ್ತ ತಂಡದ ಉದ್ದೇಶ ಗೆಲುವಿಗಿಂತ ಅವಕಾಶ ಎಂಬುದನ್ನು ವರ್ಗೀಕರಣ ಮಾಡುವವರು ಮರೆಯಬಾರದು. ಗ್ರಾಮೀಣ ಅಮೆರಿಕದಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದರಿಂದ ಇಂಥ ತಂಡಗಳ ಮಹತ್ವ ಹೆಚ್ಚುತ್ತಿದೆ. ಎವೆಲೆತ್–ಗಿಲ್ಬರ್ಟ್ ಶಾಲೆ ಕೂಡ ನೆರೆಯ ವರ್ಜೀನಿಯಾ ಪಟ್ಟಣದ ಶಾಲೆಯೊಡನೆ ವಿಲೀನಗೊಂಡು ಈಗ ರಾಕ್ ರಿಜ್ ಎಂಬ ಹೆಸರಿನಲ್ಲಿದೆ.

ಖಾಸಗಿ ಶಾಲೆಗಳ ಪ್ರಶ್ನೆ

ಸರ್ಕಾರಿ ಶಾಲೆ ತನ್ನ ವ್ಯಾಪ್ತಿಯ ಊರಿನ ಮಕ್ಕಳನ್ನು ನೆಚ್ಚಿಕೊಂಡಿರುತ್ತದೆ. ಖಾಸಗಿ ಶಾಲೆಗೆ ಅಂಥ ಗಡಿ ಇಲ್ಲ; ದೂರದ ಊರುಗಳಿಂದಲೂ ಪ್ರತಿಭಾವಂತರು ಬರಬಹುದು. ಸಂಖ್ಯೆಯಲ್ಲಿ ಚಿಕ್ಕದಾದರೂ ಆಟದಲ್ಲಿ ಬಲಿಷ್ಠವಾದ ಇಂಥ ಶಾಲೆ ಕೆಳವರ್ಗದಲ್ಲಿ ಆಡಿದರೆ ಸಣ್ಣ ಊರುಗಳಿಗೆಂದೇ ಮಾಡಿದ ವರ್ಗದ ಅರ್ಥ ಕೆಡುತ್ತದೆ. ಮಿನ್ನೆಸೋಟದ ಸೇಂಟ್ ಥಾಮಸ್ ಅಕಾಡೆಮಿ 2006, 2008, 2011, 2012 ಮತ್ತು 2013ರಲ್ಲಿ ‘ಎ’ ವರ್ಗದ ಪ್ರಶಸ್ತಿ ಗೆದ್ದು, ಬಳಿಕ ‘ಎಎ’ ವರ್ಗಕ್ಕೆ ಹೋಯಿತು. ಡುಲುತ್ ಬಳಿಯ ಹರ್ಮನ್‌ಟೌನ್ ಎಂಬ ಸರ್ಕಾರಿ ಶಾಲೆ 2010ರಿಂದ 2015ರವರೆಗೆ ಸತತ ಆರು ವರ್ಷ ‘ಎ’ ವರ್ಗದ ಫೈನಲ್‌ನಲ್ಲಿ ಸೋತಿತು; ಅವುಗಳಲ್ಲಿ ಮೊದಲ ನಾಲ್ಕು ಸೋಲುಗಳು ಖಾಸಗಿ ಶಾಲೆಗಳ ಎದುರು ಆದವು. ಕೊನೆಗೆ 2016ರಲ್ಲಿ ಅದು ಗೆದ್ದಿತು.

ಈ ಪ್ರಶ್ನೆಗೆ ರಾಜ್ಯಗಳು ಬಗೆಬಗೆಯ ಉತ್ತರ ಕೊಟ್ಟಿವೆ. ನ್ಯೂಜರ್ಸಿ ಐಸ್ ಹಾಕಿಯಲ್ಲಿ ಖಾಸಗಿ ಶಾಲೆಗಳಿಗೆ ಬೇರೆಯೇ ವಿಭಾಗ ಮಾಡಿದೆ. ಸರ್ಕಾರಿ ಶಾಲೆಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಇಲಿನಾಯ್ ಶಾಲಾ ಸಂಘ ತನ್ನ ಇತರ ಕ್ರೀಡೆಗಳಲ್ಲಿ ಖಾಸಗಿ ಶಾಲೆಗಳ ದಾಖಲಾತಿಯನ್ನು 1.65ರಿಂದ ಗುಣಿಸುವ ನಿಯಮ ತಂದಿತು. ಐಸ್ ಹಾಕಿ ಅಲ್ಲಿ ಆ ಸಂಘದ ಕ್ರೀಡೆಯಲ್ಲದಿದ್ದರೂ ಗುಣಕದ ಕಲ್ಪನೆ ದೇಶದೆಲ್ಲೆಡೆ ಚರ್ಚೆಗೆ ಬಂತು. ಪ್ರತ್ಯೇಕಿಸುವುದರಲ್ಲೂ ಒಂದು ಕೊರತೆಯಿದೆ: ಎಲ್ಲ ಖಾಸಗಿ ಶಾಲೆಗಳೂ ಶ್ರೀಮಂತವಲ್ಲ, ಎಲ್ಲವೂ ಆಟಗಾರರನ್ನು ಹುಡುಕಿ ತರುವುದಿಲ್ಲ. ಇನ್ನು ಹಲವು ಕಡೆ ಸರ್ಕಾರಿ ಶಾಲೆಗಳಿಗೂ ಹೊರ ವ್ಯಾಪ್ತಿಯ ಮಕ್ಕಳನ್ನು ಸೇರಿಸಿಕೊಳ್ಳುವ ಅವಕಾಶವಿರುವುದರಿಂದ ಸರ್ಕಾರಿ–ಖಾಸಗಿ ಗೆರೆ ಮೊದಲಿನಷ್ಟು ಸ್ಪಷ್ಟವಾಗಿ ಉಳಿದಿಲ್ಲ.

ಮೇಲಿನ ವರ್ಗಕ್ಕೆ ಏರುವ ಹಕ್ಕು

ತನ್ನ ಸಂಖ್ಯೆಗಿಂತ ಮೇಲಿನ ವರ್ಗದಲ್ಲಿ ಆಡುತ್ತೇನೆ ಎಂದು ಶಾಲೆ ತಾನೇ ಕೋರಬಹುದು. ಇದಕ್ಕೆ ದೊಡ್ಡ ಉದಾಹರಣೆ ರೋಸೋ. ಅಲ್ಪ ವಿದ್ಯಾರ್ಥಿಸಂಖ್ಯೆಯ ಈ ಶಾಲೆ ‘ಎಎ’ ವರ್ಗದಲ್ಲಿ ಆಡುವುದನ್ನು ಆಯ್ದುಕೊಂಡು 1999 ಮತ್ತು 2007ರಲ್ಲಿ ಮಹಾನಗರದ ಶಾಲೆಗಳನ್ನು ಮೀರಿ ಗೆದ್ದಿತು. 1980ರ ಒಲಿಂಪಿಕ್ ಚಿನ್ನ ಗೆದ್ದ ತಂಡದ ನೀಲ್ ಬ್ರಾಟನ್ ಇದೇ ಊರಿನವರು. ನೆರೆಯ ವಾರೋಡ್ ಕೂಡ ಹಲವು ಒಲಿಂಪಿಕ್ ಆಟಗಾರರನ್ನು ಕೊಟ್ಟ ಊರು. ಅದು ‘ಎ’ ವರ್ಗದಲ್ಲಿ ಉಳಿದು 2003 ಮತ್ತು 2005ರಲ್ಲಿ, ಅವರಲ್ಲೊಬ್ಬರಾದ ಟಿ. ಜೆ. ಓಶಿ ಆಡಿದ ಕಾಲದಲ್ಲಿ, ಪ್ರಶಸ್ತಿ ಪಡೆಯಿತು. ಒಂದೇ ಪರಂಪರೆಯ ಎರಡು ನೆರೆಯೂರುಗಳು ಎರಡು ದಾರಿ ಹಿಡಿದವು. ಎರಡೂ ಗೌರವದ ದಾರಿಗಳೇ.

ಬಲಿಷ್ಠ ಖಾಸಗಿ ಶಾಲೆಗಳ ಬಗೆಗಿನ ದೂರಿಗೂ ಈ ಹಕ್ಕು ಭಾಗಶಃ ಪರಿಹಾರ. 2021ರಲ್ಲಿ ‘ಎ’ ಪ್ರಶಸ್ತಿ ಗೆದ್ದ ಜೆಂಟ್ರಿ ಅಕಾಡೆಮಿ ಆಮೇಲೆ ಮೇಲಿನ ವರ್ಗಕ್ಕೆ ಹೋಯಿತು. ಆದರೆ ಇದು ಶಾಲೆಯ ಸದ್ಭಾವವನ್ನು ನೆಚ್ಚಿದ ಏರ್ಪಾಡು. ಕೆಳವರ್ಗದಲ್ಲೇ ಇದ್ದು ಪ್ರಶಸ್ತಿ ಕೂಡಿಡುವ ಶಾಲೆಯನ್ನು ಇದು ಒತ್ತಾಯಿಸಲಾರದು.

ಸಾಧನೆ ಆಧಾರಿತ ಪದ್ಧತಿಗಳು

ಒತ್ತಾಯದ ಈ ಕೊರತೆ ತುಂಬಲು ಗೆಲುವನ್ನೇ ಅಳತೆಗೋಲಾಗಿಸುವ ಪದ್ಧತಿಗಳು ಹುಟ್ಟಿದವು. ಇಂಡಿಯಾನಾ ರಾಜ್ಯ ಸಂಘ 2012ರಲ್ಲಿ ತನ್ನ ಕ್ರೀಡೆಗಳಿಗೆ ಒಂದು ನಿಯಮ ಒಪ್ಪಿತು: ನಿಗದಿತ ಅವಧಿಯಲ್ಲಿ ಪಂದ್ಯಾವಳಿಗಳಲ್ಲಿ ಸಾಕಷ್ಟು ಅಂಕ ಕೂಡಿಸಿದ ತಂಡ ಸಂಖ್ಯೆ ಏನೇ ಇದ್ದರೂ ಒಂದು ವರ್ಗ ಮೇಲಕ್ಕೆ ಹೋಗಬೇಕು. ಇದರ ತೊಡಕೆಂದರೆ ಪ್ರೌಢಶಾಲಾ ತಂಡ ನಾಲ್ಕು ವರ್ಷಗಳಲ್ಲಿ ಪೂರ್ತಿ ಬದಲಾಗುತ್ತದೆ. ಅಣ್ಣಂದಿರ ಗೆಲುವಿನ ಹೊರೆಯನ್ನು ತಮ್ಮಂದಿರು ಹೊರಬೇಕಾಗುತ್ತದೆ.

ಮ್ಯಾಸಚೂಸೆಟ್ಸ್ ಬಹುಕಾಲ ಬೇರೊಂದು ದಾರಿಯಲ್ಲಿ ನಡೆಯಿತು. 1991ರಲ್ಲಿ ಆರಂಭವಾದ ‘ಸೂಪರ್ ಎಯ್ಟ್’ ಪಂದ್ಯಾವಳಿಗೆ ರಾಜ್ಯದ ಅತ್ಯುತ್ತಮ ತಂಡಗಳನ್ನು ಆರಿಸಿ, ಉಳಿದವನ್ನು ಡಿವಿಷನ್‌ಗಳಲ್ಲಿ ಆಡಿಸುತ್ತಿದ್ದರು. ಆಯ್ಕೆಯಲ್ಲಿ ಕ್ಯಾಥೊಲಿಕ್ ಖಾಸಗಿ ಶಾಲೆಗಳ ಪ್ರಾಬಲ್ಯವಿತ್ತು. ಅವು ಮೇಲಕ್ಕೆ ಹೋದದ್ದರಿಂದ ಸರ್ಕಾರಿ ಶಾಲೆಗಳಿಗೆ ಡಿವಿಷನ್ ಪ್ರಶಸ್ತಿಯ ದಾರಿ ಸುಗಮವಾಯಿತು. ಆಯ್ಕೆ ಸಮಿತಿಯ ವಿವೇಚನೆಯ ಬಗ್ಗೆ ಮಾತ್ರ ಪ್ರತಿವರ್ಷ ತಕರಾರು ಏಳುತ್ತಿತ್ತು. 2021–22ರಲ್ಲಿ ರಾಜ್ಯವ್ಯಾಪಿ ಹೊಸ ಪದ್ಧತಿ ಬಂದಾಗ ಆ ಪಂದ್ಯಾವಳಿ ಕೊನೆಗೊಂಡಿತು. ಈಗ ಸಂಖ್ಯೆ ಮೊದಲಾದವನ್ನು ನೋಡಿ ಡಿವಿಷನ್ ಗೊತ್ತುಮಾಡಿ, ಅದರೊಳಗಿನ ಶ್ರೇಯಾಂಕವನ್ನು ಸೂತ್ರದಿಂದ ಲೆಕ್ಕಹಾಕುತ್ತಾರೆ. ಗೋಲುಗಳ ಅಂತರ ಮತ್ತು ಎದುರಾಳಿಯ ಬಲ ಆ ಸೂತ್ರದ ಅಂಶಗಳು. ಅಂತರಕ್ಕೆ ಒಂದು ಮಿತಿ ಇರುವುದರಿಂದ ದುರ್ಬಲ ತಂಡದ ಮೇಲೆ ಗೋಲಿನ ಮೇಲೆ ಗೋಲು ಹಾಕಿದರೆ ಪ್ರಯೋಜನವಿಲ್ಲ. ಸಣ್ಣದಾದರೂ ಬಹಳ ಮಾನವೀಯವಾದ ನಿಯಮ ಇದು.

ಇತರ ರಾಜ್ಯಗಳು ಮತ್ತು ಬಾಲಕಿಯರ ಹಾಕಿ

ವಿಸ್ಕಾನ್ಸಿನ್ ಬಾಲಕರಿಗೆ ಬಹುಕಾಲ ಒಂದೇ ಪ್ರಶಸ್ತಿ ಇಟ್ಟುಕೊಂಡಿದ್ದು 2020ರಲ್ಲಿ ಎರಡು ಡಿವಿಷನ್‌ಗಳಿಗೆ ಬಂತು. ನ್ಯೂಯಾರ್ಕ್‌ನಲ್ಲಿ ಎರಡು ಡಿವಿಷನ್‌ಗಳು, ನ್ಯೂಹ್ಯಾಂಪ್‌ಷೈರ್‌ನಲ್ಲಿ ಮೂರು. ಮೇಯ್ನ್ ‘ಎ’, ‘ಬಿ’ ಎಂಬ ಎರಡು ವರ್ಗಗಳನ್ನು ಇಟ್ಟುಕೊಂಡಿದೆ. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಆಟ ರಾಜ್ಯ ಶಾಲಾ ಸಂಘದ ಕೈಯಲ್ಲಿಲ್ಲ. ಶಾಲೆಗಳ ಹೆಸರಿನ ಕ್ಲಬ್ ತಂಡಗಳನ್ನು ಪೆನ್ಸಿಲ್ವೇನಿಯಾ ಅಂತರಶಾಲಾ ಹಾಕಿ ಲೀಗ್ ಹಲವು ವರ್ಗಗಳಲ್ಲಿ ಆಡಿಸುತ್ತದೆ.

ಬಾಲಕಿಯರ ಪ್ರೌಢಶಾಲಾ ಹಾಕಿಗೆ ಮೊದಲು ಮಾನ್ಯತೆ ಕೊಟ್ಟ ರಾಜ್ಯ ಮಿನ್ನೆಸೋಟ. 1995ರ ಮೊದಲ ಪಂದ್ಯಾವಳಿಯನ್ನು ಆಪಲ್ ವ್ಯಾಲಿ ಗೆದ್ದಿತು. ತಂಡಗಳು ಕಡಿಮೆ ಇದ್ದಷ್ಟು ಕಾಲ ಒಂದೇ ವರ್ಗವಿತ್ತು. ಸಂಖ್ಯೆ ಬೆಳೆದ ಮೇಲೆ 2002ರಿಂದ ಎರಡಾಯಿತು. ವರ್ಗಗಳನ್ನು ಮಾಡುವ ಮೊದಲು ತಂಡಗಳಿರಬೇಕು ಎಂಬ ಸರಳ ಸತ್ಯ ಇಲ್ಲಿದೆ. ವಿಸ್ಕಾನ್ಸಿನ್‌ನಲ್ಲಿ ಬಾಲಕಿಯರ ಬಹುಪಾಲು ತಂಡಗಳು ಸಂಯುಕ್ತ ತಂಡಗಳೇ.

ಲೀಗ್, ಪಂದ್ಯಾವಳಿ ಮತ್ತು ಶಾಲೆಯೊಳಗಿನ ಹಂತಗಳು

ರಾಜ್ಯದ ವರ್ಗ ಮುಖ್ಯವಾಗಿ ಋತುವಿನ ಕೊನೆಯ ಪಂದ್ಯಾವಳಿಗೆ ಅನ್ವಯಿಸುತ್ತದೆ. ಋತುವಿನುದ್ದಕ್ಕೂ ಆಡುವ ಲೀಗ್‌ಗಳು ಹೆಚ್ಚಾಗಿ ನೆರೆಹೊರೆಯ ಶಾಲೆಗಳ ಒಡಂಬಡಿಕೆಗಳು. ಅವುಗಳಲ್ಲಿ ದೂರ, ಹಳೆಯ ಪೈಪೋಟಿ, ಇತರ ಕ್ರೀಡೆಗಳ ಸಂಬಂಧಗಳು ಸಂಖ್ಯೆಗಿಂತ ಮುಖ್ಯವಾಗುತ್ತವೆ. ಚಳಿಗಾಲದ ರಾತ್ರಿ ಮಂಜಿನ ರಸ್ತೆಯಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವ ದೂರವೂ ನ್ಯಾಯದ ಪ್ರಶ್ನೆಯೇ ಆದ್ದರಿಂದ ಬೇರೆ ವರ್ಗದ ಹತ್ತಿರದ ಶಾಲೆಯೊಡನೆ ಆಡುವುದೇ ಎಷ್ಟೋ ಸಲ ಒಳಿತು.

ಶಾಲೆಯೊಳಗೂ ವಿಂಗಡಣೆ ಇದೆ. ಮುಖ್ಯ ತಂಡಕ್ಕೆ ‘ವಾರ್ಸಿಟಿ’ ಎಂದು ಹೆಸರು. ಇನ್ನೂ ಪಳಗಬೇಕಾದವರು ‘ಜೂನಿಯರ್ ವಾರ್ಸಿಟಿ’ಯಲ್ಲಿ ಆಡುತ್ತಾರೆ. ದೊಡ್ಡ ಶಾಲೆಗಳಲ್ಲಿ 14 ವರ್ಷದ ಹುಡುಗ ವರ್ಷವೆರಡು ವರ್ಷ ಅಲ್ಲಿ ಬೆಳೆದು ಮೇಲೆ ಬರುತ್ತಾನೆ. ಸಣ್ಣ ಶಾಲೆಯಲ್ಲಿ ಎರಡನೆಯ ತಂಡವೇ ಇಲ್ಲದಿದ್ದರೆ ಆತ ನೇರವಾಗಿ 18 ವರ್ಷದವರ ಎದುರು ನಿಲ್ಲಬೇಕಾಗುತ್ತದೆ. ಇದರ ಜೊತೆಗೆ ಅತಿ ಪ್ರತಿಭಾವಂತರು ಶಾಲೆ ಬಿಟ್ಟು ರಾಷ್ಟ್ರೀಯ ತರಬೇತಿ ಕಾರ್ಯಕ್ರಮಕ್ಕೋ ಜೂನಿಯರ್ ಲೀಗ್‌ಗೋ ಹೋಗುವುದುಂಟು. ಇಬ್ಬರು ಹೋದರೂ ದೊಡ್ಡ ಶಾಲೆ ತಾಳಿಕೊಳ್ಳುತ್ತದೆ, ಸಣ್ಣ ಶಾಲೆಯ ಆ ವರ್ಷದ ಋತುವೇ ಮುಗಿದಂತೆ.

ಕೆನಡಾ ಮತ್ತು ಭಾರತ

ಕೆನಡಾದಲ್ಲಿ ಆಟದ ಉನ್ನತ ಪೈಪೋಟಿ ಶಾಲೆಯ ಹೊರಗಿನ ಸಂಘಗಳಲ್ಲೂ ಜೂನಿಯರ್ ಲೀಗ್‌ಗಳಲ್ಲೂ ನಡೆಯುತ್ತದೆ. ಆದರೂ ಒಂಟಾರಿಯೊ ಪ್ರಾಂತ್ಯದ ಶಾಲಾ ಕ್ರೀಡಾಸಂಘಗಳ ಒಕ್ಕೂಟ ಶಾಲೆಯ ಗಾತ್ರದ ಮೇಲೆ ‘ಎ’, ‘ಎಎ’, ‘ಎಎಎ’ ಎಂಬ ವರ್ಗಗಳನ್ನು ಬಳಸುತ್ತದೆ.

ಭಾರತದ ಶಾಲಾ ಹಾಕಿ ಮೈದಾನದ ಆಟ, ಅದರ ವರ್ಗೀಕರಣಕ್ಕೆ ಆಧಾರ ವಯಸ್ಸು. ಭಾರತೀಯ ಶಾಲಾ ಕ್ರೀಡಾ ಒಕ್ಕೂಟ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳನ್ನು ನಡೆಸುತ್ತದೆ. ಕರ್ನಾಟಕದಲ್ಲಿ ಪ್ರಾಥಮಿಕ, ಪ್ರೌಢ ಮತ್ತು ಪದವಿಪೂರ್ವ ಹಂತಗಳಿಗೆ ಬೇರೆ ಬೇರೆ ಕ್ರೀಡಾಕೂಟಗಳು ತಾಲ್ಲೂಕಿನಿಂದ ರಾಜ್ಯದವರೆಗೆ ನಡೆಯುತ್ತವೆ. ರಾಷ್ಟ್ರಮಟ್ಟದಲ್ಲಿ ಆಡುವುದು ರಾಜ್ಯದ ಆಯ್ದ ತಂಡವಾದ್ದರಿಂದ ಅಲ್ಲಿ ಶಾಲೆಯ ಗಾತ್ರದ ಪ್ರಶ್ನೆ ಏಳುವುದಿಲ್ಲ. ಶಾಲೆಯ ಹೆಸರಿನಲ್ಲೇ ತಂಡ ಆಡುವ ಕೆಳಹಂತಗಳಲ್ಲಿ, ಟರ್ಫ್ ಮತ್ತು ತರಬೇತುದಾರರಿರುವ ಶಾಲೆಗೂ ಬರಿಯ ಬಯಲಿರುವ ಶಾಲೆಗೂ ಇರುವ ಅಂತರವನ್ನು ವಯಸ್ಸು ಅಳೆಯಲಾರದು.

ಮೌಲ್ಯಮಾಪನ

ವರ್ಗಗಳು ಹೆಚ್ಚಿದಷ್ಟೂ ಪ್ರಶಸ್ತಿಯ ಬೆಲೆ ಇಳಿಯುತ್ತದೆ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. 1945ರಿಂದ 1991ರವರೆಗಿನ ಮಿನ್ನೆಸೋಟ ಪಂದ್ಯಾವಳಿಗೆ ಇದ್ದ ಮೋಡಿಯನ್ನು ಯಾವ ಸೂತ್ರವೂ ಮರಳಿ ತರಲಾರದು. ಆದರೆ ಒಂದು ಊರಿಗೆ ದಕ್ಕುವ ಅಪರೂಪದ ಗೆಲುವಿಗಾಗಿ ನೂರು ಊರುಗಳ ಮಕ್ಕಳು ಪ್ರತಿ ವರ್ಷ ಆಸೆಯಿಲ್ಲದೆ ಆಡಬೇಕೆನ್ನುವುದು ನ್ಯಾಯವಲ್ಲ. ಅರ್ಧ ಶತಮಾನದ ಅನುಭವ ಕೆಲವು ಸಂಗತಿಗಳನ್ನು ಖಚಿತಪಡಿಸಿದೆ. ವಿದ್ಯಾರ್ಥಿಸಂಖ್ಯೆ ಒಳ್ಳೆಯ ಆರಂಭ, ಅದೊಂದೇ ಸಾಲದು. ಬಡತನಕ್ಕೂ ಸಂಯುಕ್ತ ತಂಡಗಳಿಗೂ ರಿಯಾಯಿತಿ ಬೇಕು. ಗಡಿಯಿಲ್ಲದೆ ಆಟಗಾರರನ್ನು ಸೇರಿಸಿಕೊಳ್ಳುವ ಶಾಲೆಗೆ ಹೆಚ್ಚಿನ ಹೊಣೆ ಇರಬೇಕು. ಮೇಲೇರುವ ಹಕ್ಕು ಎಲ್ಲರಿಗೂ ಇರಬೇಕು, ಸತತ ಗೆಲ್ಲುವವರಿಗೆ ಅದು ಕರ್ತವ್ಯವಾಗಬೇಕು. ನಿಯಮ ಋತುವಿಗೆ ಮೊದಲೇ ಎಲ್ಲರಿಗೂ ತಿಳಿದಿರಬೇಕು, ಕೆಲವು ವರ್ಷಗಳಿಗೊಮ್ಮೆ ಮರುಪರಿಶೀಲನೆಯಾಗಬೇಕು. ಮೂರನೆಯ ಅವಧಿ ಶುರುವಾದಾಗಲೂ ಎರಡೂ ಬೆಂಚುಗಳಲ್ಲಿ ಗೆಲ್ಲುವ ಆಸೆ ಉಳಿದಿದ್ದರೆ ಆ ವರ್ಗೀಕರಣ ಸರಿಯಾಗಿದೆ. ಉಳಿದಿಲ್ಲವಾದರೆ ಅದನ್ನು ತಿದ್ದುವ ಹೊಣೆ ನಿಯಮ ಮಾಡುವ ಹಿರಿಯರದು, ಆಡುವ ಮಕ್ಕಳದಲ್ಲ.